ಜಾಥಾ ಮುಗಿದ ಮೇಲೆ ಮನೆಯಲ್ಲಿ ಏನು ಉಳಿಯುತ್ತದೆ?

ಪ್ರಶ್ನೆ: ನಮ್ಮ ಸ್ಥಳೀಯ ಸಂಸ್ಥೆಯಲ್ಲಿ ಪರಿಸರ ಶಿಕ್ಷಣದ ಹೊಣೆ ನನ್ನ ಮೇಲಿದೆ. ಕಳೆದ ವರ್ಷ ಶಾಲೆಗಳಲ್ಲಿ ಭಾಷಣ, ಚಿತ್ರ ಬಿಡಿಸುವ ಸ್ಪರ್ಧೆ, ಜಾಥಾ ಮಾಡಿದೆವು. ನಿವಾಸಿಗಳಿಗೆ ಎರಡು ಕಾರ್ಯಾಗಾರವನ್ನೂ ನಡೆಸಿದೆವು. ಜನ ಚೆನ್ನಾಗಿಯೇ ಸೇರಿದರು. ಆದರೆ ಕಸ ಬೇರ್ಪಡಿಸುವುದರಲ್ಲಾಗಲಿ ನೀರು, ವಿದ್ಯುತ್ ಬಳಕೆಯಲ್ಲಾಗಲಿ ಏನೂ ಬದಲಾದಂತೆ ಕಾಣಲಿಲ್ಲ. ಈ ವರ್ಷ ಆರು ಶಾಲೆ, ಸುಮಾರು ಐನೂರು ಮನೆ ಹಿಡಿಯಬೇಕೆಂದಿದ್ದೇವೆ. ಏನು ಕಲಿಸಬೇಕು, ಹೇಗೆ ಕಲಿಸಬೇಕು, ಫಲ ಸಿಕ್ಕಿತೋ ಇಲ್ಲವೋ ಎಂದು ತಿಳಿಯುವುದು ಹೇಗೆ?

ಉತ್ತರ: ಜನ ಬಂದರು, ತಲೆದೂಗಿದರು, ಮನೆಗೆ ಹೋದರು, ಏನೂ ಆಗಲಿಲ್ಲ. ಇದು ನಿಮ್ಮೊಬ್ಬರ ಅನುಭವವಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞ ಸ್ಕಾಟ್ ಗೆಲ್ಲರ್ 1981ರಲ್ಲೇ ಇದನ್ನು ಲೆಕ್ಕ ಹಾಕಿ ತೋರಿಸಿದ್ದಾರೆ. ಮನೆಯಲ್ಲಿ ಇಂಧನ ಉಳಿಸುವ ಬಗ್ಗೆ ಮೂರು ಗಂಟೆಯ ಕಾರ್ಯಾಗಾರ. ಮುಗಿಯುವಾಗ ಬಂದವರ ತಿಳಿವಳಿಕೆಯೂ ಕಾಳಜಿಯೂ ಹೆಚ್ಚಿದ್ದವು. ಆಮೇಲೆ ನಲವತ್ತು ಮಂದಿಯ ಮನೆಗೆ ಹೋಗಿ ನೋಡಿದರೆ, ನೀರು ಕಾಯಿಸುವ ಹೀಟರಿನ ಉಷ್ಣತೆ ತಗ್ಗಿಸಿದ್ದವರು ಒಬ್ಬರೇ. ಷವರಿನ ನೀರು ತಗ್ಗಿಸುವ ಸಣ್ಣ ಬಿಡಿಭಾಗ ಮಾತ್ರ ಎಂಟು ಮನೆಗಳಲ್ಲಿ ಕೂತಿತ್ತು. ಕಾರ್ಯಾಗಾರಕ್ಕೆ ಬಾರದ ನಲವತ್ತು ಮಂದಿಯಲ್ಲಿ ಅದು ಎರಡೇ ಮನೆಗಳಲ್ಲಿತ್ತು. ಆ ಬಿಡಿಭಾಗವನ್ನು ಬಂದವರೆಲ್ಲರ ಕೈಗೆ ಪುಕ್ಕಟೆಯಾಗಿ ಕೊಟ್ಟು ಕಳಿಸಿದ್ದರು. ಬಾಯಲ್ಲಿ ಹೇಳಿದ್ದು ಹೆಚ್ಚುಕಡಿಮೆ ನಡೆಯಲೇ ಇಲ್ಲ. ಕೈಗೆ ಕೊಟ್ಟದ್ದು ಐದರಲ್ಲಿ ಒಂದು ಮನೆಯಲ್ಲಿ ನಡೆಯಿತು. ಉಳಿದ ನಾಲ್ಕು ಮನೆಗಳಲ್ಲೂ ಅದು ಕೂರಬೇಕಿದ್ದರೆ ಯಾರಾದರೂ ಸ್ಪ್ಯಾನರ್ ಹಿಡಿದು ಹೋಗಿ ತಿರುಗಿಸಿ ಕೂರಿಸಿ ಬರಬೇಕಿತ್ತು.

ಆದ್ದರಿಂದ ಈ ವರ್ಷದ ಯೋಜನೆಯನ್ನು ಕಾರ್ಯಕ್ರಮದ ದಿನದಿಂದ ಶುರುಮಾಡಬೇಡಿ, ಅದಾದ ನಂತರದ ಎರಡು ತಿಂಗಳಿಂದ ಶುರುಮಾಡಿ. ಹಣದಲ್ಲಿ ಕನಿಷ್ಠ ಮೂರನೇ ಒಂದು ಭಾಗವನ್ನು ಮರುಭೇಟಿಗೆ ತೆಗೆದಿಡಿ. ವೇದಿಕೆ, ಬ್ಯಾನರ್, ಟೋಪಿ, ಪ್ರಮಾಣಪತ್ರಗಳೆಲ್ಲ ಉಳಿದ ಹಣದಲ್ಲಿ ಆದರೆ ಆಗಲಿ.

ಇನ್ನೊಂದು ಮಾತು, ಇದು ಶಿಕ್ಷಣಕ್ಕೂ ಮೊದಲಿನದು. ನಿಮ್ಮ ಕಸದ ಗಾಡಿಯಲ್ಲಿ ಹಸಿ ಕಸಕ್ಕೂ ಒಣ ಕಸಕ್ಕೂ ಬೇರೆ ಬೇರೆ ಖಾನೆ ಇದೆಯೇ? ಇದ್ದರೂ, ಕೊನೆಗೆ ಎರಡೂ ಹೋಗಿ ಬೀಳುವುದು ಒಂದೇ ಜಾಗಕ್ಕೋ? ಮನೆಯವರು ಒಂದು ವಾರ ಶ್ರದ್ಧೆಯಿಂದ ಬೇರ್ಪಡಿಸಿ, ಎಂಟನೇ ದಿನ ಗಾಡಿಯವರು ಎರಡನ್ನೂ ಒಟ್ಟಿಗೆ ಸುರಿಯುವುದನ್ನು ಕಣ್ಣಾರೆ ಕಂಡರೆ ಅಲ್ಲಿಗೆ ಮುಗಿಯಿತು. ಆಮೇಲೆ ಯಾವ ಉಪನ್ಯಾಸವೂ ಆ ಮನೆಗೆ ನಾಟುವುದಿಲ್ಲ. ಶಾಲೆಯಲ್ಲೂ ಇದೇ ಆಗುತ್ತದೆ. ತರಗತಿಗಳಲ್ಲಿ ಬಣ್ಣಬಣ್ಣದ ಬುಟ್ಟಿಗಳಿರುತ್ತವೆ, ಸಂಜೆ ಗುಡಿಸುವವರ ಬಳಿ ಇರುವುದು ಒಂದೇ ಚೀಲ. ಹಾಗಾಗಿ ಮೊದಲ ಸಭೆ ಮಕ್ಕಳ ಜೊತೆಯಲ್ಲ, ಶಾಲೆಯ ಸ್ವಚ್ಛತಾ ಸಿಬ್ಬಂದಿಯ ಜೊತೆ ಮತ್ತು ಗಾಡಿಯವರ ಜೊತೆ. ಯಾವ ಬುಟ್ಟಿಯದು ಎಲ್ಲಿಗೆ, ಯಾವ ಹೊತ್ತಿಗೆ, ಯಾರು ಒಯ್ಯುತ್ತಾರೆ ಎಂಬುದನ್ನು ಅವರ ಬಾಯಿಂದಲೇ ಕೇಳಿ ಬರೆದುಕೊಳ್ಳಿ. ಅದು ಸರಿಹೋಗುವವರೆಗೆ ಬೇರ್ಪಡಿಸುವ ಪಾಠ ಬೇಡ. ಅಷ್ಟರಲ್ಲಿ ನೀರಿನ ವಿಷಯ ಕೈಗೆತ್ತಿಕೊಳ್ಳಿ, ಅದಕ್ಕೆ ಗಾಡಿಯ ಹಂಗಿಲ್ಲ.

ಶಾಲೆಗಳ ವಿಷಯಕ್ಕೆ ಬರೋಣ. 1994ರಲ್ಲಿ ಯುರೋಪಿನ ನಾಲ್ಕು ದೇಶಗಳಲ್ಲಿ ಶುರುವಾಗಿ ಇಂದು ಜಗತ್ತಿನಾದ್ಯಂತ ನಡೆಯುತ್ತಿರುವ ಈಕೋ-ಸ್ಕೂಲ್ಸ್ ಕಾರ್ಯಕ್ರಮಕ್ಕೆ ಏಳು ಹಂತಗಳಿವೆ. ಅವುಗಳಲ್ಲಿ ಮೊದಲನೆಯದು ಮಕ್ಕಳೇ ಹೆಚ್ಚಿರುವ ಸಮಿತಿ, ಎರಡನೆಯದು ಶಾಲೆಯ ಸ್ಥಿತಿಗತಿಯ ಪರಿಶೀಲನೆ. ಘೋಷವಾಕ್ಯ ಬರೆಯುವುದು ತೀರಾ ಕೊನೆಯಲ್ಲಿ ಬರುತ್ತದೆ. ನಮ್ಮಲ್ಲಿ ಸಾಮಾನ್ಯವಾಗಿ ಘೋಷವಾಕ್ಯದಿಂದ ಶುರುಮಾಡಿ ಅಲ್ಲಿಗೇ ನಿಲ್ಲುತ್ತೇವೆ. ನೀವು ಆ ಕಾರ್ಯಕ್ರಮಕ್ಕೆ ಸೇರಿ, ಸೇರದಿರಿ. ಈ ಕ್ರಮವನ್ನು ಮಾತ್ರ ಇಟ್ಟುಕೊಳ್ಳಿ. ಪ್ರತಿ ಶಾಲೆಯಲ್ಲಿ ಒಬ್ಬರಲ್ಲ, ಇಬ್ಬರು ಶಿಕ್ಷಕರು ಹೊಣೆ ಹೊರಲಿ. ಒಬ್ಬರಿಗೆ ವರ್ಗವಾದರೆ ಕೆಲಸವೂ ಅವರ ಜೊತೆ ಊರು ಬಿಡಬಾರದು.

ಪರಿಶೀಲನೆ ಎಂದರೆ ಕಸದ ತೂಕ. ಬೇಕಾದದ್ದು: ಮೂರು ಮೀಟರ್ ಉದ್ದಗಲದ ದಪ್ಪ ಟಾರ್ಪಾಲು, 50 ಗ್ರಾಂ ವ್ಯತ್ಯಾಸ ತೋರಿಸುವ ತೂಕದ ಯಂತ್ರ, ಒಂದೇ ಅಳತೆಯ ಆರು ಬಕೆಟ್, ದಪ್ಪ ರಬ್ಬರ್ ಕೈಗವಸು, ಇಕ್ಕಳ, ಕೈ ತೊಳೆಯಲು ಸೋಪು-ನೀರು. ಖಾಲಿ ಬಕೆಟ್ ತೂಕ ಮೊದಲೇ ಮಾಡಿ ಅದರ ಮೇಲೇ ಬರೆದಿಡಿ. ಇದನ್ನು ಮರೆತು ಇಡೀ ದಿನದ ಲೆಕ್ಕ ಕೆಡುವುದು ತೀರಾ ಸಾಮಾನ್ಯ. ವಾರದ ನಡುವಿನ ಮೂರು ದಿನ ಆರಿಸಿ. ರಜೆಯ ಮರುದಿನ, ಪರೀಕ್ಷೆಯ ದಿನ, ಸಮಾರಂಭದ ದಿನ ಬೇಡ. ಚೀಲ ಬಿಚ್ಚಿದ ಕೂಡಲೆ ದೊಡ್ಡವರೊಬ್ಬರು ಒಡೆದ ಗಾಜು, ಬ್ಲೇಡು, ಸ್ಯಾನಿಟರಿ ಪ್ಯಾಡ್, ಔಷಧಿಯ ವಸ್ತುಗಳನ್ನು ಇಕ್ಕಳದಿಂದ ತೆಗೆದು ಬೇರೆ ಇಡಬೇಕು; ಅದಾದ ಮೇಲೆಯೇ ಮಕ್ಕಳು ಹತ್ತಿರ ಬರಲಿ. ಹತ್ತು ವರ್ಷದೊಳಗಿನವರಿಗೆ ತರಗತಿಯ ಒಣ ಕಸ ಮಾತ್ರ ಕೊಡಿ. ಆರು ಬಕೆಟ್‌ಗೆ ಆರು ಬಗೆ: ಆಹಾರದ ಕಸ, ಕಾಗದ-ರಟ್ಟು, ಶುಭ್ರ ಪ್ಲಾಸ್ಟಿಕ್, ಕೊಳೆಯಾದ ಪ್ಲಾಸ್ಟಿಕ್, ಲೋಹ-ಗಾಜು, ಉಳಿದದ್ದು.

ತೂಕದ ಜೊತೆಗೆ ಎಷ್ಟು ಬಕೆಟ್ ತುಂಬಿತು ಎಂಬುದನ್ನೂ ಬರೆಯಿರಿ. ಹಸಿ ಕಸಕ್ಕೆ ನೀರಿನ ಭಾರ. ಪ್ಲಾಸ್ಟಿಕ್ಕಿಗೆ ಭಾರವೇ ಇಲ್ಲ, ಜಾಗ ಮಾತ್ರ ತಿನ್ನುತ್ತದೆ. ತೂಕವನ್ನಷ್ಟೇ ನೋಡಿದರೆ ಪ್ಲಾಸ್ಟಿಕ್ ಲೆಕ್ಕಕ್ಕೇ ಬಾರದಂತೆ ಕಾಣುತ್ತದೆ. ಆಮೇಲೆ ಒಟ್ಟು ಗ್ರಾಮನ್ನು ಅಂದಿನ ಹಾಜರಿಯಿಂದ ಭಾಗಿಸಿ. ಒಂದು ದಿನ 14 ಕಿಲೋ ಕಸ, 280 ಮಕ್ಕಳು ಹಾಜರು ಎಂದುಕೊಳ್ಳಿ. ತಲೆಗೆ 50 ಗ್ರಾಂ. ಮುಂದೆ ಹೋಲಿಸಬೇಕಾದದ್ದು ಈ ಸಂಖ್ಯೆಯನ್ನೇ. ಹಾಜರಿ ಬಿಟ್ಟು ಬರೀ ಕಿಲೋ ಹೋಲಿಸಿದರೆ, ಜ್ವರದ ಕಾಲದಲ್ಲಿ ಅರ್ಧ ಶಾಲೆ ಮನೆಯಲ್ಲಿ ಮಲಗಿದ್ದಾಗ ನಿಮ್ಮ ಯೋಜನೆ ಭಾರಿ ಯಶಸ್ಸು ಕಂಡಂತೆ ತೋರುತ್ತದೆ. ಭಾಗಾಕಾರ, ಸರಾಸರಿ, ನಕ್ಷೆ ಇವೆಲ್ಲ ಗಣಿತದ ಅವಧಿಯಲ್ಲೇ ಆಗಲಿ. 'ಪರಿಸರದ ಅವಧಿ' ಎಂದು ಹೊಸದೊಂದನ್ನು ಕೇಳಿದರೆ ಯಾವ ಮುಖ್ಯಶಿಕ್ಷಕರೂ ಕೊಡಲಾರರು, ಕೊಡಲು ಅವರ ಬಳಿ ಇರುವುದೂ ಇಲ್ಲ.

ಗೊಬ್ಬರದ ತೊಟ್ಟಿ ಶಾಲೆಗಳಲ್ಲಿ ಎಲ್ಲರೂ ಕೇಳುವ ವಿಷಯ, ಎಲ್ಲರೂ ಕೈಸುಟ್ಟುಕೊಳ್ಳುವ ವಿಷಯವೂ ಹೌದು. ಹೆಚ್ಚಿನ ಸಲ ಅದು ಕೆಡುವುದು ಹಸಿ ಕಸದಿಂದಲ್ಲ, ಒಣ ಎಲೆ ಇಲ್ಲದ್ದರಿಂದ. ಸೂಕ್ಷ್ಮಜೀವಿಗಳಿಗೆ ಸಾರಜನಕದ ಒಂದು ಪಾಲಿಗೆ ಇಂಗಾಲ 25ರಿಂದ 30 ಪಾಲು ಇದ್ದರೆ ಹದ. ಆಹಾರದ ಕಸದಲ್ಲಿ ಸಾರಜನಕ ಹೆಚ್ಚು, ತರಗೆಲೆ, ಮರದ ಹೊಟ್ಟು, ಹರಿದ ರಟ್ಟಿನಲ್ಲಿ ಇಂಗಾಲ ಹೆಚ್ಚು. ಕೈಅಳತೆಯಲ್ಲಿ ಹೇಳುವುದಾದರೆ ಒಂದು ಬಕೆಟ್ ಹಸಿ ಕಸಕ್ಕೆ ಎರಡು ಬಕೆಟ್ ತರಗೆಲೆ. ದಿನಕ್ಕೆ ಐದು ಕಿಲೋ ಹಸಿ ಕಸ ಬರುವ ಶಾಲೆ ಎಂದಿಟ್ಟುಕೊಳ್ಳಿ. ಅದು ಸುಮಾರು ಹತ್ತು ಲೀಟರ್. ಅದಕ್ಕೆ ಇಪ್ಪತ್ತು ಲೀಟರ್ ಎಲೆ. ಐದು ದಿನದ ವಾರಕ್ಕೆ ನೂರು ಲೀಟರ್ ಎಲೆ ಬೇಕು! ಎಲೆ ಉದುರುವ ಕಾಲ ವರ್ಷದಲ್ಲಿ ಕೆಲವೇ ವಾರ. ಆಗ ಒಟ್ಟುಮಾಡಿ, ಮಳೆ ತಾಗದಂತೆ ಜಾಲರಿ ಗೂಡಿನಲ್ಲಿ ತುಂಬಿಡದಿದ್ದರೆ ಮೂರನೇ ತಿಂಗಳಿಗೆ ತೊಟ್ಟಿ ನಾರುತ್ತದೆ, ನಾಲ್ಕನೇ ತಿಂಗಳಿಗೆ ಮುಖ್ಯಶಿಕ್ಷಕರು ಅದನ್ನು ಮುಚ್ಚಿಸುತ್ತಾರೆ. ಆದ್ದರಿಂದ ತೊಟ್ಟಿಗಿಂತ ಮೊದಲು ಎಲೆಯ ಗೂಡು ಕಟ್ಟಿಸಿ.

ತೊಟ್ಟಿ ಒಂದೊಂದೂ ಉದ್ದ, ಅಗಲ, ಎತ್ತರ ಒಂದೊಂದು ಮೀಟರ್ ಇರಲಿ. ಇದಕ್ಕಿಂತ ಚಿಕ್ಕದಾದರೆ ಶಾಖ ಒಳಗೆ ನಿಲ್ಲದೆ ಕೊಳೆಯುವುದು ನಿಧಾನವಾಗುತ್ತದೆ. ಮೂರು ತೊಟ್ಟಿ ಬೇಕು: ತುಂಬುತ್ತಿರುವುದು, ಮಾಗುತ್ತಿರುವುದು, ಖಾಲಿ ಮಾಡುವುದು. ಮೇಲಿನ ಲೆಕ್ಕದಲ್ಲಿ ವಾರಕ್ಕೆ 150 ಲೀಟರ್ ಬೀಳುತ್ತದೆ, ಕುಗ್ಗುತ್ತಲೂ ಹೋಗುತ್ತದೆ. ಒಂದು ತೊಟ್ಟಿ ತುಂಬಲು ಎರಡು ತಿಂಗಳ ಮೇಲೆ ಹಿಡಿಯುತ್ತದೆ. ತಳದಲ್ಲಿ ಒಂದು ಗೇಣು ಕಡ್ಡಿ-ಕೊಂಬೆ ಹಾಸಿ, ಗಾಳಿ ಆಡಲಿ. ಕಸವನ್ನು ಎರಡರಿಂದ ಐದು ಸೆಂಟಿಮೀಟರಿನ ತುಂಡು ಮಾಡಿ ಹಾಕಿ. ಪ್ರತಿ ಸಲವೂ ಮೇಲೆ ಐದು ಸೆಂಟಿಮೀಟರ್ ದಪ್ಪ ಎಲೆ ಮುಚ್ಚಿ. ನೊಣ ಬರುವುದು ಬರಿದಾಗಿ ಬಿಟ್ಟ ಹಸಿ ಕಸಕ್ಕೆ. ವಾರಕ್ಕೊಮ್ಮೆ ಮಗುಚಿ. ಮಾಂಸ, ಮೂಳೆ, ಎಣ್ಣೆ, ಹಾಲಿನ ಪದಾರ್ಥ ಶಾಲೆಯ ತೊಟ್ಟಿಗೆ ಬೇಡ, ಇಲಿ ಬರುತ್ತವೆ.

ಮಕ್ಕಳಿಗೆ ಕಲಿಸಬೇಕಾದ ಅಸಲಿ ಪಾಠ ಇರುವುದು ತೊಟ್ಟಿ ಹದಗೆಟ್ಟಾಗ. ಒಂದು ಹಿಡಿ ತೆಗೆದು ಬಿಗಿಯಾಗಿ ಹಿಂಡಿಸಿ. ಬೆರಳ ಸಂದಿಯಲ್ಲಿ ಒಂದೆರಡು ಹನಿ ಮೂಡಿದರೆ ತೇವ ಸರಿ. ನೀರು ಸುರಿದರೆ ಹೆಚ್ಚಾಯಿತು, ಕೈ ಬಿಟ್ಟಾಗ ಪುಡಿಪುಡಿಯಾಗಿ ಉದುರಿದರೆ ಕಡಿಮೆ. ಕೊಳೆತ ಮೊಟ್ಟೆಯ ನಾತ ಬಂದರೆ ಒಳಗೆ ಗಾಳಿಯಿಲ್ಲ: ಮಗುಚಿ, ಒಣ ಎಲೆ ಸೇರಿಸಿ. ಮೂಗಿಗೆ ಚುರುಗುಟ್ಟುವ ಅಮೋನಿಯಾ ಘಾಟು ಬಂದರೆ ಸಾರಜನಕ ಹೆಚ್ಚು: ಅದಕ್ಕೂ ಒಣ ಎಲೆಯೇ ಮದ್ದು. ನಾತವೂ ಇಲ್ಲ, ಶಾಖವೂ ಇಲ್ಲ ಎಂದರೆ ಬಹುತೇಕ ಒಣಗಿರುತ್ತದೆ. ಉದ್ದ ಕಡ್ಡಿಯ ಉಷ್ಣಮಾಪಕ ಚುಚ್ಚಿ ದಿನವೂ ಬರೆಸಿ. ರಾಶಿ ಒಟ್ಟಿಗೆ ಬಿದ್ದು ಹದವಾಗಿದ್ದರೆ 55 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ, ಸ್ವಲ್ಪಸ್ವಲ್ಪ ಹಾಕುತ್ತ ಹೋಗುವ ಶಾಲಾ ತೊಟ್ಟಿ ಅಷ್ಟು ಏರದಿದ್ದರೆ ಗಾಬರಿ ಬೇಡ, ತಡವಾಗಿ ಆಗುತ್ತದೆ ಅಷ್ಟೇ. ಮಾಗಿತೇ ಎಂದು ನೋಡಲು ಒಂದು ಹಿಡಿ ತೇವದ ಗೊಬ್ಬರವನ್ನು ಚೀಲದಲ್ಲಿ ಕಟ್ಟಿ ಒಂದು ವಾರ ಇಟ್ಟು ಬಿಚ್ಚಿ ಮೂಸಿ. ಮಣ್ಣಿನ ವಾಸನೆ ಬಂದರೆ ಆಯಿತು, ಹುಳಿ ವಾಸನೆ ಬಂದರೆ ಇನ್ನೂ ಕೆಲವು ವಾರ ಬಿಡಿ. ಎರೆಹುಳು ಪೆಟ್ಟಿಗೆಯನ್ನು ಮೊದಲ ವರ್ಷವೇ ಕೊಡಬೇಡಿ. ಮಕ್ಕಳಿಗೆ ಬಲು ಇಷ್ಟ, ನಿಜ. ಆದರೆ ದೀರ್ಘ ರಜೆ, ಬಿಸಿಲಿಗೆ ಬಿದ್ದ ಪೆಟ್ಟಿಗೆ, ಅತಿಯಾಗಿ ಸುರಿದ ಕಸ, ಈ ಮೂರರಲ್ಲಿ ಯಾವುದಾದರೂ ಒಂದೇ ಹುಳುಗಳನ್ನು ಕೊಲ್ಲಲು ಸಾಕು.

ನೀರಿನ ಪಾಠಕ್ಕೆ ಸಲಕರಣೆಯೇ ಬೇಡ. ರಾತ್ರಿ ಎಲ್ಲರೂ ಬಳಸಿ ಮುಗಿಸಿದ ಮೇಲೆ ಮೀಟರ್ ರೀಡಿಂಗ್, ಬೆಳಿಗ್ಗೆ ಯಾರೂ ನಲ್ಲಿ ತಿರುಗಿಸುವ ಮೊದಲು ಇನ್ನೊಮ್ಮೆ ರೀಡಿಂಗ್. ವ್ಯತ್ಯಾಸವಿದ್ದರೆ ಸೋರಿಕೆ ಇದೆ. ಒಂದು ಎಚ್ಚರ: ಮೀಟರ್ ಆದ ಮೇಲೆ ಮೇಲ್ಟ್ಯಾಂಕ್ ಇದ್ದರೆ ಅದು ರಾತ್ರಿ ತುಂಬಿಕೊಂಡ ನೀರೂ ಲೆಕ್ಕಕ್ಕೆ ಬರುತ್ತದೆ, ಆಗ ಮೀಟರ್ ಬಿಟ್ಟು, ಟ್ಯಾಂಕಿಗೆ ಬರುವ ನೀರು ನಿಲ್ಲಿಸಿ ಒಳಗಿನ ನೀರಿನ ಮಟ್ಟಕ್ಕೆ ಗುರುತು ಹಾಕಿ ನೋಡಿ. ತೊಟ್ಟಿಕ್ಕುವ ನಲ್ಲಿಯ ಕೆಳಗೆ ಅಳತೆಯ ಲೋಟ ಇಟ್ಟು ಹತ್ತು ನಿಮಿಷ ಹಿಡಿದು, ಬಂದದ್ದನ್ನು 144ರಿಂದ ಗುಣಿಸಿದರೆ ಒಂದು ದಿನದ ಲೆಕ್ಕ. ಸೆಕೆಂಡಿಗೊಂದು ಹನಿ ಬಿದ್ದರೆ ದಿನಕ್ಕೆ ಇಪ್ಪತ್ತು ಲೀಟರ್ ಆಸುಪಾಸು. ಆದರೆ ಹನಿ ಬೀಳುವ ನಲ್ಲಿಗಿಂತ ಸದ್ದಿಲ್ಲದೆ ಸೋರುವ ಫ್ಲಶ್ ಟ್ಯಾಂಕೇ ದೊಡ್ಡ ಕಳ್ಳ. ಟ್ಯಾಂಕಿಗೆ ತಿನ್ನುವ ಬಣ್ಣ ಹತ್ತು ಹನಿ ಹಾಕಿ, ಇಪ್ಪತ್ತು ನಿಮಿಷ ಫ್ಲಶ್ ಮಾಡದೆ ಕಾಯಿರಿ. ಕಮೋಡಿನೊಳಗೆ ಬಣ್ಣ ಇಳಿದಿದ್ದರೆ ಒಳಗಿನ ರಬ್ಬರ್ ಬಿಲ್ಲೆ ಕೆಟ್ಟಿದೆ.

ನಲ್ಲಿಯ ಬಾಯಿಗೆ ಹಾಕುವ ಏರೇಟರ್ (ನೀರಿಗೆ ಗಾಳಿ ಬೆರೆಸಿ ಹರಿವು ತಗ್ಗಿಸುವ ಸಣ್ಣ ಜಾಲರಿ) ಹಂಚುವ ಮುನ್ನ ಹರಿವು ಅಳೆಯಿರಿ: ನಲ್ಲಿ ಪೂರ್ತಿ ಬಿಟ್ಟು ಹತ್ತು ಸೆಕೆಂಡ್ ಪಾತ್ರೆಗೆ ಹಿಡಿದು ಆರರಿಂದ ಗುಣಿಸಿ. ನಿಮಿಷಕ್ಕೆ ಹತ್ತು-ಹನ್ನೆರಡು ಲೀಟರ್ ಬರುತ್ತಿದ್ದರೆ ಆರು ಲೀಟರಿನ ಏರೇಟರ್ ಅರ್ಧದಷ್ಟು ಉಳಿಸುತ್ತದೆ. ಮೊದಲೇ ಐದು-ಆರು ಲೀಟರ್ ಬರುತ್ತಿರುವ ಮನೆಗೆ ಕೊಟ್ಟರೆ ಧಾರೆ ದಾರದಂತಾಗಿ, ವಾರದೊಳಗೆ ಬಿಚ್ಚಿ ಎಸೆಯುತ್ತಾರೆ. ಗಡಸು ನೀರಿದ್ದ ಕಡೆ ಜಾಲರಿಗೆ ಸುಣ್ಣ ಕಟ್ಟುತ್ತದೆ. ಬಿಚ್ಚಿ ಒಂದು ಗಂಟೆ ವಿನೆಗರಿನಲ್ಲಿ ನೆನೆಹಾಕಿ ಉಜ್ಜಲು ಮನೆಯವರಿಗೆ ತೋರಿಸಿಕೊಡಿ.

ವಿದ್ಯುತ್ತಿನ ಬಗ್ಗೆ ಹೆಚ್ಚು ಹೇಳಬೇಕಿಲ್ಲ. 60 ವ್ಯಾಟಿನ ಹಳೆಯ ಬಲ್ಬಿನ ಬೆಳಕನ್ನು 8-9 ವ್ಯಾಟಿನ ಎಲ್‌ಇಡಿ ಕೊಡುತ್ತದೆ, ಈ ಬದಲಾವಣೆ ಬಹಳ ಕಡೆ ಆಗಿಯೇ ಹೋಗಿದೆ. ಯಾವ ಉಪಕರಣ ಎಷ್ಟು ವಿದ್ಯುತ್ ತಿನ್ನುತ್ತದೆ ಎಂದು ತೋರಿಸುವ, ಪ್ಲಗ್ಗಿಗೆ ಸಿಕ್ಕಿಸುವ ವ್ಯಾಟ್ ಮೀಟರುಗಳನ್ನು ಹತ್ತು ಕೊಂಡು ಗ್ರಂಥಾಲಯದಲ್ಲಿಡಿ, ಪುಸ್ತಕದಂತೆ ಎರವಲು ಕೊಡಿ. ಫ್ರಿಜ್ಜಿನ ಕಂಪ್ರೆಸರ್ ನಿಂತು ನಿಂತು ಓಡುವುದರಿಂದ ಐದು ನಿಮಿಷದ ರೀಡಿಂಗಿಗೆ ಅರ್ಥವಿಲ್ಲ. ಪೂರ್ತಿ 24 ಗಂಟೆ ಬಿಡಬೇಕು. ಮೀಟರಿನ ಮೇಲೆ ಬರೆದ ಆಂಪಿಯರ್ ಮಿತಿಯನ್ನು ಮೀರುವ ನೀರಿನ ಹೀಟರನ್ನು ಅದಕ್ಕೆ ಸಿಕ್ಕಿಸಬಾರದು ಎಂದು ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ ಬರೆದಿಡಿ.

ಐನೂರು ಮನೆಗಳನ್ನು ಒಂದೇ ಸಭಾಂಗಣಕ್ಕೆ ಕರೆಯಬೇಡಿ. ಹದಿನೈದರಿಂದ ಇಪ್ಪತ್ತು ಮಂದಿಯ ಗುಂಪು, ಒಂದೂವರೆ ಗಂಟೆ, ಅದರಲ್ಲಿ ಒಂದು ಗಂಟೆ ಅವರ ಕೈಗೆ ಕೆಲಸ. ಗೊಬ್ಬರದ ಕಾರ್ಯಾಗಾರವಾದರೆ ಪ್ರತಿಯೊಬ್ಬರೂ ತಮ್ಮ ಡಬ್ಬಕ್ಕೆ ತೂತು ಕೊರೆದು, ಮೊದಲ ಪದರ ಹಾಸಿ, ಅದನ್ನೇ ಮನೆಗೆ ಒಯ್ಯಬೇಕು. ಒಂದೇ ವಿಷಯ ಹಿಡಿಯಿರಿ. ಕಸ, ನೀರು, ವಿದ್ಯುತ್, ಓಡಾಟ ನಾಲ್ಕನ್ನೂ ಒಂದೇ ಸಂಜೆ ತುಂಬಿದರೆ ಯಾವುದೂ ಮನೆ ಮುಟ್ಟುವುದಿಲ್ಲ. ಹೋಗುವ ಮುನ್ನ 'ಇಂಥ ದಿನದಿಂದ ಇಂಥದ್ದು ಮಾಡುತ್ತೇನೆ' ಎಂದು ಅವರ ಕೈಬರಹದಲ್ಲೇ ಚೀಟಿಯಲ್ಲಿ ಬರೆಸಿ. ಬಾಯಿಮಾತಿಗಿಂತ ಬರೆದ ಮಾತು ಗಟ್ಟಿ. ಎರಡನೇ ವಾರ ಫೋನ್, ಆರನೇ ವಾರ ಮನೆಭೇಟಿ. ಈ ದಿನಗಳನ್ನು ಸುಮ್ಮನೆ ಹೇಳಿದ್ದಲ್ಲ: ಮನೆಯ ಗೊಬ್ಬರದ ಡಬ್ಬದಲ್ಲಿ ನಾತವೂ ಹುಳುವೂ ಕಾಣಿಸಿಕೊಳ್ಳುವುದು ಎರಡು-ಮೂರು ವಾರಕ್ಕೆ, ಜನ ಕೈಬಿಡುವುದೂ ಆಗಲೇ. ಆ ಹೊತ್ತಿಗೆ 'ಒಣ ಎಲೆ ಇನ್ನೊಂದಿಷ್ಟು ಹಾಕಿ' ಎನ್ನುವ ಒಂದು ದನಿ ಸಿಕ್ಕರೆ ಡಬ್ಬ ಉಳಿಯುತ್ತದೆ.

ನೀವು ಬರೆಯುವ ಕರಪತ್ರಗಳ ಬಗ್ಗೆಯೂ ಒಂದು ಎಚ್ಚರಿಕೆ. 'ಎಲ್ಲರೂ ಎಲ್ಲೆಂದರಲ್ಲಿ ಕಸ ಎಸೆಯುತ್ತಿದ್ದಾರೆ' ಎಂದು ಗೋಳಾಡಬೇಡಿ. ಓದಿದವರಿಗೆ ಅದು 'ಎಲ್ಲರೂ ಎಸೆಯುತ್ತಾರಲ್ಲ' ಎಂದೇ ಕೇಳಿಸುತ್ತದೆ. ಅಮೆರಿಕದ ಅರಿಜೋನಾದ ಶಿಲಾರಣ್ಯ ರಾಷ್ಟ್ರೀಯ ಉದ್ಯಾನದಲ್ಲಿ ಮನಶ್ಶಾಸ್ತ್ರಜ್ಞ ರಾಬರ್ಟ್ ಚಾಲ್ಡಿನಿ ಮತ್ತು ಸಂಗಡಿಗರು ನಡೆಸಿದ ಪ್ರಯೋಗದಲ್ಲಿ, 'ಹಿಂದೆ ಬಂದ ಅನೇಕರು ಕಲ್ಲಾದ ಮರದ ಚೂರುಗಳನ್ನು ಒಯ್ದಿದ್ದಾರೆ' ಎಂಬ ಫಲಕವಿದ್ದಾಗ ಗುರುತು ಮಾಡಿಟ್ಟ ಚೂರುಗಳಲ್ಲಿ ಸುಮಾರು 8% ಕಳುವಾದವು. 'ದಯವಿಟ್ಟು ಒಯ್ಯಬೇಡಿ' ಎಂದಷ್ಟೇ ಇದ್ದಾಗ 2%ಕ್ಕಿಂತ ಕಡಿಮೆ. ಮನೆಗಳಿಗೆ 'ನಿಮ್ಮ ಬಳಕೆ ಇಷ್ಟು, ಬೀದಿಯ ಸರಾಸರಿ ಇಷ್ಟು' ಎಂದು ಚೀಟಿ ಕಳಿಸುವುದರಲ್ಲೂ ಇಂಥದ್ದೇ ಒಂದು ಗುಂಡಿಯಿದೆ. ಕ್ಯಾಲಿಫೋರ್ನಿಯಾದ ಸ್ಯಾನ್ ಮಾರ್ಕೋಸ್‌ನಲ್ಲಿ 290 ಮನೆಗಳ ಮೇಲೆ ನಡೆದು 2007ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಸರಾಸರಿಗಿಂತ ಹೆಚ್ಚು ವಿದ್ಯುತ್ ಬಳಸುತ್ತಿದ್ದವರು ಇಳಿಸಿದರು. ಕಡಿಮೆ ಬಳಸುತ್ತಿದ್ದವರು ಏರಿಸಿಬಿಟ್ಟರು. ಅವರ ಚೀಟಿಯಲ್ಲಿ ಒಂದು ನಗುಮುಖ ಬರೆದಾಗ ಆ ಏರಿಕೆ ನಿಂತಿತು. ಒಂದು ಗೀಟಿನ ನಗು, ಅಷ್ಟೇ. ನಿಮ್ಮ ಚೀಟಿಯಲ್ಲೂ ಮರೆಯಬೇಡಿ.

ಮಕ್ಕಳ ಮೂಲಕ ಮನೆ ಮುಟ್ಟುವುದು ಒಳ್ಳೆಯ ದಾರಿ, ಆದರೆ ಮಗುವನ್ನು ಮನೆಯ ಪೊಲೀಸನನ್ನಾಗಿ ಮಾಡಬೇಡಿ. ಮೀಟರ್ ರೀಡಿಂಗ್ ಮನೆಗೆಲಸ ಕೊಟ್ಟರೆ ತರಗತಿಯಲ್ಲಿ ಹೆಸರು ಹಿಡಿದು ಓದಿಸಬಾರದು. ಚೀಟಿಗಳನ್ನು ಡಬ್ಬಕ್ಕೆ ಹಾಕಿಸಿ, ಮನೆಯ ಒಟ್ಟು ಜನರಿಂದ ಭಾಗಿಸಿ, ತರಗತಿಯ ಸರಾಸರಿ ಮಾತ್ರ ಹಲಗೆಯ ಮೇಲೆ ಬರಲಿ. ಇನ್ನು 'ಕಸದಿಂದ ರಸ' ಎಂದು ಬಾಟಲಿಗೆ ಬಣ್ಣ ಬಳಿಸಿ ಹೂದಾನಿ ಮಾಡಿಸುವ ಸ್ಪರ್ಧೆ: ನೋಡಲು ಚೆಂದ, ಆದರೆ ಬಣ್ಣ, ಅಂಟು, ಮಿನುಗುಪುಡಿ ಬಿದ್ದ ಆ ಬಾಟಲಿಯನ್ನು ಮರುಬಳಕೆಯವರೂ ಮುಟ್ಟುವುದಿಲ್ಲ. ಬಿಟ್ಟುಬಿಡಿ.

ಕೊನೆಯ ಪ್ರಶ್ನೆ, ಅಳತೆ. ಎಷ್ಟು ಜನ ಬಂದರು ಎಂಬುದು ಅಳತೆಯಲ್ಲ. 'ಕಸ ಬೇರ್ಪಡಿಸುತ್ತೀರಾ' ಎಂದು ಕೇಳಿದರೂ ಆಗದು, ಎಲ್ಲರೂ ಹೌದೆನ್ನುತ್ತಾರೆ. ಬುಟ್ಟಿಯೊಳಗೆ ನೋಡಬೇಕು. ಐನೂರರಲ್ಲಿ ಎಂಬತ್ತು ಮನೆಗಳನ್ನು ಚೀಟಿ ಎತ್ತಿ ಆರಿಸಿ, ಹಸಿ ಕಸದ ಬುಟ್ಟಿ ತೂಗಿ, ಅದರೊಳಗಿನ ತಪ್ಪು ವಸ್ತುಗಳನ್ನು ಬೇರೆ ತೂಗಿ. ನಾಲ್ಕು ಕಿಲೋದಲ್ಲಿ 600 ಗ್ರಾಂ ತಪ್ಪಿದ್ದರೆ 15% ಬೆರಕೆ. ಕಾರ್ಯಕ್ರಮಕ್ಕೆ ಮೊದಲು ಒಮ್ಮೆ, ಒಂದು ತಿಂಗಳಿಗೆ ಒಮ್ಮೆ, ಆರು ತಿಂಗಳಿಗೆ ಒಮ್ಮೆ, ವಾರದ ಅದೇ ದಿನ. ಜೊತೆಗೆ ಕಾರ್ಯಕ್ರಮ ನಡೆಯದ ಪಕ್ಕದ ಬಡಾವಣೆಯ ಎಂಬತ್ತು ಮನೆಗಳಲ್ಲೂ ಇದನ್ನೇ ಮಾಡಿ. ಮಳೆ ಬಂದು ಎಲ್ಲೆಡೆ ನೀರಿನ ಬಳಕೆ ಇಳಿದದ್ದನ್ನೋ, ಹೊಸ ಗಾಡಿ ಬಂದು ಎಲ್ಲೆಡೆ ಬೆರಕೆ ತಗ್ಗಿದ್ದನ್ನೋ ನಿಮ್ಮ ಪಾಠದ ಫಲವೆಂದು ವರದಿಯಲ್ಲಿ ಬರೆದುಬಿಡುವ ತಪ್ಪು ಆಗ ಆಗುವುದಿಲ್ಲ. ತೂಗುವವರು ಪಾಠ ಮಾಡಿದವರೇ ಆಗಿರಬಾರದು. ತಾವು ಕಲಿಸಿದ ಮನೆಯ ಬುಟ್ಟಿಯಲ್ಲಿ ಪ್ಲಾಸ್ಟಿಕ್ ಕಂಡರೆ ಕಣ್ಣು ತಾನಾಗಿಯೇ ಮುಚ್ಚಿಕೊಳ್ಳುತ್ತದೆ.